ಟೋಕನ್ ನಂಬರ್ ಗೊತ್ತಿದ್ದವರ ಫೋನು

ಮೊದಲ ದೂರು ತಂದವರು ಒಬ್ಬ ನಿವೃತ್ತ ಫಿಟ್ಟರ್. ಭದ್ರಾವತಿಯಲ್ಲಿ ನಮ್ಮ ನಿವೃತ್ತ ಕಾರ್ಮಿಕರ ಸಂಘದ ಕಚೇರಿ ಅಂದರೆ ಒಂದು ಕೋಣೆ, ಎರಡು ಮೇಜು, ಒಂದು ಫೋನು. ಆ ಫೋನಿನ ಮುಂದೆ ಕೂರುವವಳು ನಾನು. ಅವರು ಬಂದವರೇ ಒಂದು ರಟ್ಟಿನ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ಒಳಗೆ ಮಂಡಿಗೆ ಕಟ್ಟಿಕೊಳ್ಳುವ ಒಂದು ಪಟ್ಟಿ, ಅದಕ್ಕೊಂದು ವೈರು.

"ಇದನ್ನ ಕರೆಂಟಿಗೆ ಹಾಕಿದ್ರೆ ಬಿಸಿ ಆಗುತ್ತೆ ಅಂದ್ರು. ಬಿಸಿ ಆಗಿದ್ದು ನನ್ ತಲೆ ಮಾತ್ರ."

"ಎಲ್ಲಿ ತಗೊಂಡ್ರಿ ಅಣ್ಣ?"

"ಫೋನಲ್ಲಿ. ನಿವೃತ್ತ ಕಾರ್ಮಿಕರಿಗೆ ಆರೋಗ್ಯ ಕಾರ್ಡು, ಅದನ್ನ ತಗೊಂಡ್ರೆ ಇದು ಫ್ರೀ ಅಂದ್ರು. ದುಡ್ಡು ಹಾಕ್ದೆ. ಕಾರ್ಡು ಬರ್ಲಿಲ್ಲ, ಈ ಚಿಂದಿ ಬಂತು."

"ಗುರುತು ಪರಿಚಯ ಇಲ್ಲದವನು ಫೋನ್ ಮಾಡಿದ್ರೆ ದುಡ್ಡು ಹಾಕ್ಬಿಡೋದಾ?"

ಅವರು ನನ್ನನ್ನು ಪೆದ್ದಿಯ ಹಾಗೆ ನೋಡಿದರು. "ಗುರುತಿಲ್ದೇ ಏನಮ್ಮ? ನನ್ ಟೋಕನ್ ನಂಬರ್ ಹೇಳಿದ್ನಲ್ಲ ಅವನು!"

ಹೊರಗಿನವರಿಗೆ ಇದು ತಟ್ಟನೆ ಅರ್ಥವಾಗುವುದು ಕಷ್ಟ. ನಮ್ಮ ಕಬ್ಬಿಣದ ಕಾರ್ಖಾನೆಯಲ್ಲಿ ಮನುಷ್ಯನಿಗೆ ಹೆಸರು ಎರಡನೆಯದು. ಕೆಲಸಕ್ಕೆ ಸೇರಿದ ದಿನ ನಂಬರು ಕೊರೆದ ಒಂದು ದುಂಡನೆಯ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು, ಅದೇ ಟೋಕನ್. ಸಂಬಳಕ್ಕೆ ಅದು, ರಜೆಗೆ ಅದು, ಕ್ಯಾಂಟೀನಿನ ಊಟಕ್ಕೆ ಅದು, ಹೆಂಡತಿಯ ಹೆರಿಗೆಗೂ ಅದೇ. ಮಗಳ ಮದುವೆ ಕಾಗದದಲ್ಲಿ ತಮ್ಮ ಹೆಸರಿನ ಕೆಳಗೆ ಟೋಕನ್ ನಂಬರ್ ಅಚ್ಚು ಹಾಕಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರ್ಖಾನೆ ಬಿಟ್ಟು ಎಷ್ಟೇ ವರ್ಷವಾಗಿರಲಿ, ಆ ನಂಬರ್ ಹೇಳಿದವನು ನಮ್ಮವನು. ಅದನ್ನು ಅನುಮಾನಿಸುವುದು ಯಾರಿಗೂ ಹೊಳೆಯುವುದಿಲ್ಲ.

ಫಿಟ್ಟರನ್ನು ಕರೆದುಕೊಂಡು ಶಿವಮೊಗ್ಗದ ಸೈಬರ್ ಠಾಣೆಗೆ ಹೋದೆ. ಅಲ್ಲಿದ್ದ ಅಧಿಕಾರಿ ಸಮಾಧಾನದ ಮನುಷ್ಯ. ದೂರು ಬರೆಸಿಕೊಂಡು, "ಹೋದ ದುಡ್ಡಿನ ಹಿಂದೆ ನಾವು ಬೀಳ್ತೀವಿ ಮೇಡಂ. ಮುಂದಿನವರು ಹಾಕದೇ ಇರೋ ಹಾಗೆ ನೀವು ನೋಡ್ಕೊಳ್ಳಿ. ಅವರ ಹತ್ರ ನಿಮ್ಮವರ ಪಟ್ಟಿ ಇದ್ದ ಹಾಗಿದೆ, ಎಲ್ಲಿಂದ ಸಿಕ್ತು ಅಂತ ಹುಡುಕಿ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ನಾನು ಇಳಿಯಬೇಕಾದ ಮಲವಗೊಪ್ಪ ದಾಟಿ ಹೋದದ್ದೂ ತಿಳಿಯಲಿಲ್ಲ.

ಮಾರನೆಯ ದಿನದಿಂದ ನನ್ನ ಹಳೆಯ ಅಭ್ಯಾಸಕ್ಕೆ ಮರಳಿದೆ. ಕಾರ್ಖಾನೆಯ ಒಳಗಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ನಾನು. ಹಲಗೆಯ ತುಂಬ ತೂತುಗಳು, ಒಂದೊಂದು ತೂತೂ ಒಂದೊಂದು ವಿಭಾಗ. ದೀಪ ಹತ್ತಿದ ಕಡೆ ಒಂದು ಪ್ಲಗ್ಗು ಸಿಕ್ಕಿಸಿ "ನಂಬರ್ ಹೇಳಿ" ಅನ್ನಬೇಕು, ಅವರು ಕೇಳಿದ ಕಡೆಗೆ ಇನ್ನೊಂದು ಪ್ಲಗ್ಗು ಸಿಕ್ಕಿಸಬೇಕು. ಮುಖ್ಯವಾದ ಪ್ರತಿ ಕರೆಗೂ ಒಂದು ಚೀಟಿ: ಯಾರು, ಯಾರಿಗೆ, ಎಷ್ಟು ಹೊತ್ತಿಗೆ. ಆ ಹಲಗೆಯನ್ನು ಕಳಚಿ ಗುಜರಿಗೆ ಹಾಕಿದ ದಿನ ನಾನು ಬಚ್ಚಲಿಗೆ ಹೋಗಿ ಅತ್ತು ಬಂದಿದ್ದೆ. ಈಗ ಸಂಘದ ಹಳೆಯ ಕರಪತ್ರಗಳ ಹಿಂಬದಿಯನ್ನೇ ಕತ್ತರಿಸಿ ಚೀಟಿ ಮಾಡಿಕೊಂಡೆ. ಮೋಸದ ಫೋನು ಬಂದವರನ್ನೆಲ್ಲ ಕೂರಿಸಿ ಕೇಳಿದೆ. ಯಾವ ದಿನ? ಗಂಡಸೋ ಹೆಂಗಸೋ? ಮೊದಲ ಮಾತು ಏನು? ಆಮೇಲೆ ಏನು?

ಎರಡು ವಾರಕ್ಕೆ ಹನ್ನೊಂದು ಚೀಟಿ ಆಯಿತು. ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದರೆ ಎಲ್ಲದರಲ್ಲೂ ಅದೇ ನಡೆ. ಮೊದಲು ಟೋಕನ್ ನಂಬರ್ ಹೇಳಿ ನಮಸ್ಕಾರ. ಆಮೇಲೆ ಕಾರ್ಡಿನ ವಿಷಯ, ಯಾವ ಆಸ್ಪತ್ರೆಯಲ್ಲಾದರೂ ಪುಕ್ಕಟೆ. ಆಮೇಲೆ, ಇವತ್ತೇ ಕೊನೆ. ಆಮೇಲೆ, ಯಾರಿಗೂ ಹೇಳಬೇಡಿ, ಇರುವುದೇ ಸ್ವಲ್ಪ ಕಾರ್ಡು, ಗೊತ್ತಾದರೆ ಎಲ್ಲರೂ ಮುಗಿಬೀಳುತ್ತಾರೆ. ಕೊನೆಗೆ, ಫೋನು ಇಡಬೇಡಿ, ಲೈನಿನಲ್ಲೇ ಇದ್ದು ದುಡ್ಡು ಕಳಿಸಿ. ಕಳಿಸುವುದು ಮಾತ್ರ ಯಾವುದೋ ಒಬ್ಬ ವ್ಯಕ್ತಿಯ ಹೆಸರಿಗೆ.

ಆದರೆ ನಂಬರ್ ಸಿಕ್ಕಿದ್ದು ಹೇಗೆ? "ನಾನು ಹೇಳೇ ಇಲ್ಲ" ಎಂದು ಹನ್ನೊಂದು ಜನವೂ ಆಣೆ ಮಾಡಿದರು. ಸಂಘದ ಕಾರ್ಯದರ್ಶಿಗಳು ಬೀರುವಿನ ಬೀಗವನ್ನೇ ಬದಲಾಯಿಸಿದರು. ನಮ್ಮ ಸದಸ್ಯರ ಪುಸ್ತಕವನ್ನು ಯಾರೋ ಕದ್ದು ನೋಡಿದ್ದಾರೆಂದು ಅವರ ಅನುಮಾನ. ಕಚೇರಿಯಲ್ಲಿ ದಿನವಿಡೀ ಕೂರುವವಳು ನಾನೊಬ್ಬಳೇ ಆದ್ದರಿಂದ ಅವರು ನನ್ನನ್ನು ನೋಡುವ ರೀತಿಯೂ ಸ್ವಲ್ಪ ಬದಲಾಯಿತು. ನನಗೆ ಮೈ ಉರಿದುಹೋಯಿತು.

ಉತ್ತರ ಸಿಕ್ಕಿದ್ದು ಸರ್ವಸದಸ್ಯರ ಸಭೆಗೆ ಕರೆಯಲು ಫೋನು ಮಾಡುವಾಗ. "ಹಲೋ, ಸಂಘದಿಂದ" ಅಂದೆ ಅಷ್ಟೇ. ಆ ಕಡೆಯಿಂದ ಒಂದೇ ಉಸಿರಿಗೆ, "ಇಪ್ಪತ್ತೊಂದು ನಲವತ್ತು, ಮೋಲ್ಡಿಂಗ್ ಶಾಪ್!" ನಾನು ಕೇಳಿರಲಿಲ್ಲ. ಎರಡನೆಯವರಿಗೆ ಮಾಡಿದೆ, ಅವರೂ ಹಾಗೇ. ಐದನೆಯವರಂತೂ ನಿದ್ದೆಗಣ್ಣಲ್ಲೇ ಟೋಕನ್ನು, ವಿಭಾಗ ಎರಡನ್ನೂ ಒಪ್ಪಿಸಿದರು. ಮೂವತ್ತು ವರ್ಷ ವಿಭಾಗದ ಫೋನು ಎತ್ತಿದಾಗಲೆಲ್ಲ ಹಾಗೆ ಹೇಳಿ ಹೇಳಿ ಬಾಯಿಗೆ ಅಂಟಿಹೋಗಿತ್ತು. ಅವರಿಗೆ ಅದು ಹೇಳುವುದಲ್ಲ, ಹಲೋ ಅನ್ನುವುದು. ಯಾರೋ ಒಬ್ಬ ಮೊದಲ ಸಲ "ಕಾರ್ಖಾನೆ ಕಡೆಯಿಂದ, ಪಟ್ಟಿ ಸರಿ ಮಾಡ್ತಿದೀವಿ" ಎಂದು ಫೋನು ಮಾಡಿ ಸುಮ್ಮನೆ ಬರೆದುಕೊಂಡಿದ್ದಾನೆ. ಹತ್ತು ದಿನ ಬಿಟ್ಟು ಇನ್ನೊಬ್ಬ ಅದೇ ನಂಬರನ್ನು ಇವರಿಗೇ ತಿರುಗಿ ಹೇಳಿದ್ದಾನೆ. ನಗಬೇಕೋ ಅಳಬೇಕೋ! ಅವರಿಗೆ ಹಾಗೆ ಹೇಳಲು ಕಲಿಸಿದವರಲ್ಲಿ ನಾನೂ ಒಬ್ಬಳು. ಟೋಕನ್ ಹೇಳದೆ ಲೈನು ಕೇಳಿದವರಿಗೆ "ಯಾರ್ರೀ ನೀವು?" ಎಂದು ಗದರುತ್ತಿದ್ದವಳು ನಾನೇ.

ಫೋನಿನಲ್ಲಿ ಟೋಕನ್ ಹೇಳಬೇಡಿ, ದುಡ್ಡು ಹಾಕಬೇಡಿ ಎಂದು ಗೋಡೆಗೆ ನೋಟೀಸು ಅಂಟಿಸಿದೆವು. ಓದಿದವರು ಅದರಲ್ಲಿದ್ದ ಒಂದು ಕಾಗುಣಿತದ ತಪ್ಪನ್ನು ಮಾತ್ರ ತೋರಿಸಿಕೊಟ್ಟರು. ಸಭೆಯಲ್ಲಿ ಅರ್ಧ ಗಂಟೆ ಮಾತಾಡಿದೆ. ಎಲ್ಲರೂ ತಲೆಯಾಡಿಸಿ ಕಾಫಿ ಕುಡಿದು ಹೋದರು. ಸಿಟ್ಟು ತಡೆಯದೆ ಮೋಸಗಾರರ ಒಂದು ನಂಬರಿಗೆ ನಾನೇ ಫೋನು ಹಚ್ಚಿದೆ. ನನ್ನ ಪುಣ್ಯಕ್ಕೆ ಒಬ್ಬ ಎತ್ತಿದ. ಬಾಯಿಗೆ ಬಂದದ್ದೆಲ್ಲ ಬೈದೆ. ಅದರ ಫಲವಾಗಿ ಎರಡು ದಿನ ಸಂಘದ ಫೋನು ಪುರುಸೊತ್ತಿಲ್ಲದೆ ಹೊಡೆದುಕೊಂಡಿತು, ಎತ್ತಿದರೆ ಸದ್ದೇ ಇಲ್ಲ. "ಬೈಗುಳಕ್ಕೆ ಅಂಜೋರಾಗಿದ್ರೆ ಈ ಕೆಲಸಕ್ಕೆ ಯಾಕೆ ಬರ್ತಿದ್ರು ಮಾರಾಯ್ತಿ?" ಎಂದು ಕಾರ್ಯದರ್ಶಿಗಳು ರಾಗ ಎಳೆದರು.

ಅದೇ ವಾರ, ಗುರುವಾರ, ಕ್ರೇನ್ ಡ್ರೈವರ್ ಬಂದರು. ಎಪ್ಪತ್ತು ದಾಟಿದವರು, ಮನೆಮಾತು ತಮಿಳು, ಕನ್ನಡದಲ್ಲಿ ನನಗಿಂತ ಸೊಗಸಾಗಿ ಬೈಯಬಲ್ಲವರು. ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್, ಅಂದರೆ ಮನೆಯಷ್ಟು ದೊಡ್ಡ ಬಾಂಡಲಿ, ಅದನ್ನು ತಲೆಗಳ ಮೇಲೆ ಸಾಗಿಸುತ್ತಿದ್ದ ಕ್ರೇನು ಅವರದು. ಅವತ್ತು ಖುಷಿಯಲ್ಲಿದ್ದರು. ಅವರ ಹೆಂಡತಿ ಮಂಡಿ ಸವೆದು ಎರಡು ವರ್ಷದಿಂದ ಗೋಡೆ ಹಿಡಿದು ನಡೆಯುತ್ತಿದ್ದರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಸಿಕ್ಕಿತ್ತು, ಇನ್ನು ಮೂರೇ ವಾರ.

"ಆಪರೇಷನ್ನಿಗೆ ಇಟ್ಟ ದುಡ್ಡಲ್ಲಿ ಅರ್ಧ ಉಳೀತಮ್ಮ" ಎಂದರು. "ಕಾರ್ಡ್ ಮಾಡಿಸ್ತಿದೀನಿ. ಅರ್ಧ ಅದಕ್ಕೆ ಕಟ್ಟಿದ್ರೆ ಆಪರೇಷನ್ ಪೂರ್ತಿ ಫ್ರೀ. ನೋಂದಣಿಗೆ ಅಂತ ಸ್ವಲ್ಪ ಹಾಕಿದೀನಿ, ಮಿಕ್ಕಿದ್ದು ನಾಳೆ ಹಾಕ್ಬೇಕು."

ಚೀಟಿಗಳನ್ನೆಲ್ಲ ಅವರ ಮುಂದೆ ಹರಡಿದೆ. ಅವರು ನೋಡಲೂ ಇಲ್ಲ.

"ಅವ್ರೆಲ್ಲ ಯಾರಿಗೋ ಹಾಕಿದಾರೆ. ನಂದು ಸರಿಯಾದವ್ರೇ. ಹದಿನೆಂಟು ನಲವತ್ತಾರು ಅಂತ ಗೌರವವಾಗಿ ಕರೆದ್ರು. ಈ ಸಂಘ ಇಷ್ಟ್ ವರ್ಷಕ್ಕೆ ಒಂದು ಕಾರ್ಡ್ ಮಾಡಿಸ್ಕೊಡ್ಲಿಲ್ಲ, ಮಾಡಿಸೋರನ್ನ ಕಂಡ್ರೆ ಹೊಟ್ಟೆಯುರಿ!"

ಎದ್ದು ಹೋಗಿಬಿಟ್ಟರು. ಆ ದುಡ್ಡು ಹೋದರೆ ಆಪರೇಷನ್ ಇಲ್ಲ, ಅವರ ಹತ್ತಿರ ಬೇರೆ ದುಡ್ಡಿಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಒಂದು ಉಪಾಯ ಮಾಡಿದೆ. ಹೇಳಿದರೆ ಕೇಳದವರಿಗೆ ಮಾಡಿ ತೋರಿಸಬೇಕು. ನಾನೇ ಮೋಸಗಾರಳಾಗಿ ಅವರಿಗೆ ಫೋನು ಮಾಡುವುದು. ಎಲ್ಲವನ್ನೂ ಬಾಯಿ ಬಿಡಿಸಿ, ಆಮೇಲೆ "ನೋಡಿದ್ರಾ ಅಣ್ಣ, ಎಷ್ಟು ಸುಲಭ" ಅನ್ನುವುದು. ಕಾರ್ಯದರ್ಶಿಗಳ ಮೊಬೈಲ್ ಇಸಿದುಕೊಂಡೆ. ಗಂಟಲು ಸರಿಮಾಡಿಕೊಂಡು, ಹಲಗೆಯ ಮುಂದೆ ಕೂತಾಗಿನ ಆ ಹಳೆಯ ದನಿ ತೆಗೆದೆ. ಎಷ್ಟೋ ವರ್ಷದ ಮೇಲೆ ಬಂದರೂ ಸಲೀಸಾಗಿ ಬಂತು. ನನಗೇ ಒಳಗೊಳಗೇ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

"ನಮಸ್ಕಾರ, ಹದಿನೆಂಟು ನಲವತ್ತಾರಾ? ಆರೋಗ್ಯ ಕಾರ್ಡಿನ ಕಚೇರಿಯಿಂದ ಮಾತಾಡ್ತಿರೋದು."

"ಹ್ಞಾಂ, ಹೇಳಿ ಹೇಳಿ!"

ಬ್ಯಾಂಕು ಯಾವುದೆಂದು ಕೇಳಿದೆ, ಹೇಳಿದರು. ಹುಟ್ಟಿದ ದಿನ ಕೇಳಿದೆ, ಹೇಳಿದರು. ಎಟಿಎಂ ಕಾರ್ಡಿನ ಮೇಲಿನ ನಂಬರ್ ಕೇಳಿದಾಗ "ಒಂದ್ನಿಮಿಷ, ಕನ್ನಡಕ" ಎಂದು ಹೋಗಿ ತಂದು ಒಂದೊಂದೇ ಅಂಕಿ ಬಿಡಿಸಿ ಓದಿದರು. ಹಿಂಬದಿಯ ಮೂರಂಕಿಯನ್ನೂ ಓದಲು ಶುರು ಮಾಡಿದಾಗ ನಾನೇ ತಡೆದೆ.

"ಅಣ್ಣಾ ಸಾಕು! ನಾನು, ಸಂಘದಿಂದ. ಎಕ್ಸ್‌ಚೇಂಜಮ್ಮ."

"ಗೊತ್ತಲ್ಲಮ್ಮ" ಎಂದರು ಅವರು.

"ಏನು ಗೊತ್ತು?"

"ನೀವು ಅಂತ. ನಮಸ್ಕಾರ ಅಂದಾಗ್ಲೇ ಗೊತ್ತಾಯ್ತು. ಇಪ್ಪತ್ತು ವರ್ಷ ಕ್ಯಾಬಿನ್ನಲ್ಲಿ ಒಬ್ನೇ ಕೂತು ಕೇಳಿದ ದನಿ, ಮರೀತೀನಾ? ನೀವೂ ಆ ಕಾರ್ಡಿನ ಆಫೀಸಿಗೆ ಸೇರ್ಕೊಂಡಿದೀರಿ ಅಂದ್ಕೊಂಡೆ. ನಿನ್ನೆ ಸ್ವಲ್ಪ ಅನುಮಾನ ಹುಟ್ಟಿತ್ತು, ನಿಜ. ಈಗ ನಿಮ್ ದನಿ ಕೇಳಿ ಧೈರ್ಯ ಬಂತು. ಮಧ್ಯಾಹ್ನ ಹಾಕ್ಬಿಡ್ತೀನಿ."

ಉಳಿಸಲು ಹೋದವಳು ಮುಳುಗಿಸಿದ್ದೆ. ಅವರ ತಲೆಯಲ್ಲಿದ್ದ ಚೂರುಪಾರು ಅನುಮಾನವನ್ನೂ ನನ್ನ ದನಿಯೇ ಒರೆಸಿ ಹಾಕಿತ್ತು. ಎಷ್ಟು ವಿವರಿಸಿ ಹೇಳಿದರೂ ಆ ಕಡೆಯಿಂದ "ಆಯ್ತಮ್ಮ, ಆಯ್ತಮ್ಮ" ಅಷ್ಟೇ. ಫೋನಿನಲ್ಲಿ ಇದು ಆಗುವ ಕೆಲಸವಲ್ಲ ಎಂದು ಆಟೋ ಹತ್ತಿದೆ.

ಅವರು ಬಾಗಿಲಲ್ಲೇ ಇದ್ದರು. ಹೆಂಡತಿ ನಡುಮನೆಯಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. "ಬಾ ಮಾರಾಯ್ತಿ, ಇವ್ರು ಬರೀ ನಿನ್ ದನೀನೇ ಹೊಗಳ್ತಾರೆ, ಮುಖ ನೋಡೋಣ ಅಂತಿದ್ದೆ" ಎಂದು ನಕ್ಕರು. ಏಳಲು ನೋಡಿ ಆಗದೆ, ಗೋಡೆಗೆ ಕೈಕೊಟ್ಟು ಹಾಗೇ ಕೂತರು. ಅದನ್ನು ನೋಡಿದ ಮೇಲೆ ನಾನು ಚೀಟಿಗಳನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಬೇರೆಯದನ್ನೇ ಹೇಳಬೇಕಾಗಿತ್ತು. ಬಹಳ ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದು.

"ಅಣ್ಣ, ಅವತ್ತು ಫೋರ್‌ಮನ್ ಎತ್ತು ಅಂದ್ರೂ ನೀವು ಲ್ಯಾಡಲ್ ಎತ್ತಲಿಲ್ಲ, ನೆನಪಿದ್ಯಾ?"

ಅವರ ಮುಖ ಅರಳಿತು. ಆ ಕತೆಯನ್ನು ಅವರು ನೂರು ಸಲ ಹೇಳಿರಬೇಕು. ಮಧ್ಯಾಹ್ನದ ಪಾಳಿ. ಕ್ರೇನಿನ ಕ್ಯಾಬಿನ್ನಿಗೆ ಫೋನು ಬಂತು, ಆ ಕಡೆ ಫೋರ್‌ಮನ್ನು, "ಎತ್ತು". ಆಗ ಒಂದು ನಿಯಮವಿತ್ತು: ಫೋನಿನಲ್ಲಿ ಎತ್ತು ಅಂದರೆ ಎತ್ತಬಾರದು. ಫೋನು ಇಟ್ಟು, ತಾನೇ ಎಕ್ಸ್‌ಚೇಂಜಿಗೆ ಕರೆ ಮಾಡಿ, ಫೋರ್‌ಮನ್ನರ ಲೈನು ಕೇಳಿ, "ಎತ್ತಲಾ?" ಎಂದು ವಿಚಾರಿಸಿ ಆಮೇಲೆ ಎತ್ತಬೇಕು. ಇವರು ಹಾಗೇ ಮಾಡಿದರು. ಫೋರ್‌ಮನ್ ಹೌಹಾರಿದರು. ಅವರು ಹೇಳಿದ್ದು ಪಕ್ಕದ ಕ್ರೇನಿಗೆ. ಇವರ ಲ್ಯಾಡಲ್ ಸಾಗುವ ದಾರಿಯ ಕೆಳಗೆ ಇಬ್ಬರು ಕೆಲಸ ಮಾಡುತ್ತಿದ್ದರು.

"ದನಿ ಫೋರ್‌ಮನ್ನರದ್ದೇ ತಾನೇ?" ಅಂದೆ.

"ಅವರದ್ದೇ."

"ಮತ್ತೆ ಯಾಕೆ ತಿರುಗಿ ವಿಚಾರಿಸಿದ್ರಿ? ಅವರ ಮೇಲೆ ನಂಬಿಕೆ ಇರ್ಲಿಲ್ವಾ?"

"ಅಯ್ಯೋ, ನಂಬಿಕೆ ಪ್ರಶ್ನೆ ಎಲ್ಲಿ ಬಂತಮ್ಮ? ದನಿ ಕೇಳಿ ಲ್ಯಾಡಲ್ ಎತ್ತೋಕಾಗುತ್ತಾ? ಕೆಳಗೆ ಜನ ಇರ್ತಾರೆ!"

"ಫೋರ್‌ಮನ್ ಹೇಳಿದ್ದು ಪಕ್ಕದ ಕ್ರೇನಿಗೆ. ನಿಮಗ್ಯಾಕೆ ಬಂತು ಆ ಫೋನು?"

ಅದನ್ನು ಅವರು ಯೋಚಿಸಿರಲಿಲ್ಲ.

"ನಾನು ಪ್ಲಗ್ಗು ತಪ್ಪು ತೂತಿಗೆ ಹಾಕಿದ್ದೆ ಅಣ್ಣ. ಪಕ್ಕದ್ದು ಬಿಟ್ಟು ನಿಮ್ಮದಕ್ಕೆ. ಲೈನಿನ ದೋಷ ಅಂತ ಬರೆದು ಮುಚ್ಚಿಹಾಕಿದ್ರು, ನಾನೂ ಬಾಯಿ ಬಿಡ್ಲಿಲ್ಲ. ನೀವು ಇಪ್ಪತ್ತು ವರ್ಷ ಕೇಳಿದ ಈ ದನಿಯವಳ ಕೈ ಅವತ್ತು ಎರಡು ಜೀವ ತೆಗೀತಿತ್ತು. ತೆಗೀಲಿಲ್ಲ, ಯಾಕಂದ್ರೆ ನೀವು ದನಿಯನ್ನ ನಂಬ್ಲಿಲ್ಲ."

ಅವರೆಕಾಯಿ ಬಿಡಿಸುವ ಸದ್ದು ನಿಂತಿತು. ನನಗೆ ಅಳು ಬಂತು, ತಡೆಯಲಿಲ್ಲ. ಎಲ್ಲರೂ ಹೊಗಳುವ ಆ ದನಿ ಒಂದೇ ನನ್ನ ಹತ್ತಿರ ಉಳಿದಿದ್ದ ಆಸ್ತಿ, ಅದನ್ನು ನಾನೇ ಅವರ ಮುಂದೆ ಒಡೆದು ಹಾಕಿದ್ದೆ. ಕ್ರೇನ್ ಡ್ರೈವರ್ ನನ್ನನ್ನು ನೋಡಲಿಲ್ಲ. ಹೆಂಡತಿಯ ಮಂಡಿಯನ್ನೇ ನೋಡುತ್ತಾ ಕೂತಿದ್ದರು.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಕಾರ್ಡಿನವನೇ. ಅವರು ಸ್ಪೀಕರ್ ಹಾಕಿದರು.

"ಹದಿನೆಂಟು ನಲವತ್ತಾರು, ಸಾರ್ ನಮಸ್ಕಾರ! ದುಡ್ಡು ಇನ್ನೂ ಬಂದಿಲ್ಲವಲ್ಲ? ಸಂಜೆಗೆ ಮುಗಿದುಹೋಗುತ್ತೆ. ಫೋನ್ ಇಡಬೇಡಿ, ಲೈನಲ್ಲೇ ಇರಿ, ನಾನು ಹೇಳಿಕೊಡ್ತೀನಿ."

ಆ ಹಲ್ಕಾ ಎಷ್ಟು ಮರ್ಯಾದೆಯಿಂದ ಮಾತಾಡುತ್ತಿದ್ದ! ಎದುರಿಗಿದ್ದರೆ ನಾನೂ ಚಾಪೆ ಹಾಸಿ ಕೂರಿಸುತ್ತಿದ್ದೆನೇನೋ.

"ಇಡ್ತೀನಿ" ಎಂದರು ಕ್ರೇನ್ ಡ್ರೈವರ್. "ನಾನೇ ತಿರುಗಿ ಮಾಡಿ ವಿಚಾರಿಸ್ತೀನಿ."

"ಬೇಡ ಸಾರ್, ಲೈನು ಸಿಗಲ್ಲ, ಇಡಬೇಡಿ..."

ಇಟ್ಟರು. ಅದೇ ನಂಬರಿಗೆ ತಿರುಗಿ ಹಚ್ಚಿದರು. ಹೋಗಲಿಲ್ಲ. ಇನ್ನೊಂದು ಸಲ ಹಚ್ಚಿದರು, ಹೋಗಲಿಲ್ಲ. ಅಷ್ಟರಲ್ಲಿ ಅವನೇ ಬೇರೊಂದು ನಂಬರಿನಿಂದ ಮಾಡಿದ. ಈ ಸಲ ದನಿಯಲ್ಲಿ ಮರ್ಯಾದೆ ಕಡಿಮೆಯಾಗಿತ್ತು. ಮತ್ತೆ ಇಟ್ಟು ಮತ್ತೆ ಹಚ್ಚಿದರು. ಅದೂ ಹೋಗಲಿಲ್ಲ. ಆಮೇಲೆ ಶಿವಮೊಗ್ಗದ ಆಸ್ಪತ್ರೆಯ ಚೀಟಿ ತೆಗೆದು, ಅದರ ಮೇಲಿದ್ದ ನಂಬರಿಗೆ ಫೋನು ಮಾಡಿ, ಇಂಥ ಕಾರ್ಡು ನಿಮ್ಮಲ್ಲಿ ನಡೆಯುತ್ತದೆಯೇ ಎಂದು ಕೇಳಿದರು. ಅಲ್ಲಿನವರು ಅಂಥ ಕಾರ್ಡಿನ ಹೆಸರನ್ನೇ ಕೇಳಿರಲಿಲ್ಲ.

ಅವರು ಫೋನನ್ನು ಹೆಂಡತಿಯ ಪಕ್ಕ ಮೆಲ್ಲಗೆ ಇಟ್ಟರು. "ತಿರುಗಿ ಮಾಡಿದ್ರೆ ಎತ್ತದೇ ಇರೋನು ಯಾವ ಸೀಮೆ ಫೋರ್‌ಮನ್ನು? ನಾನು ಲ್ಯಾಡಲ್ ಎತ್ತಲ್ಲ ಕಣೇ. ಕೆಳಗೆ ನೀನಿದೀಯ" ಎಂದರು.

ಮಧ್ಯಾಹ್ನ ಇಬ್ಬರೂ ಬ್ಯಾಂಕಿಗೆ ಹೋಗಿ ಅವರ ಎಟಿಎಂ ಕಾರ್ಡು ನಿಲ್ಲಿಸಿ ಹೊಸದಕ್ಕೆ ಬರೆದುಕೊಟ್ಟೆವು. ನನಗೇ ಓದಿ ಹೇಳಿದ್ದಾದರೂ ಹೇಳಿದ್ದು ಹೇಳಿದ್ದೇ. ನೋಂದಣಿಗೆಂದು ಹಾಕಿದ ದುಡ್ಡಿಗೆ ಶಿವಮೊಗ್ಗದಲ್ಲಿ ದೂರು ಬರೆಸಿದೆವು. ಅದು ಇನ್ನೂ ಬಂದಿಲ್ಲ.

ಆಮೇಲಿನ ಕೆಲಸ ಸುಲಭವಾಯಿತು. ನಾನು ಭಾಷಣ ನಿಲ್ಲಿಸಿದೆ, ಕ್ರೇನ್ ಡ್ರೈವರ್ ಶುರು ಮಾಡಿದರು. ವಾರದ ಸಂತೆ ದಿನ ಸಂಘಕ್ಕೆ ಬಂದು ಕೂತು, ಬಂದವರಿಗೆಲ್ಲ ಲ್ಯಾಡಲ್ಲಿನ ಕತೆ ಹೇಳುವುದು. ನನ್ನ ಪ್ಲಗ್ಗಿನ ತಪ್ಪನ್ನೂ ಬಿಡದೆ ಸೇರಿಸುತ್ತಿದ್ದರು, ನಾನು ಅಲ್ಲೇ ಕೂತಿರುತ್ತಿದ್ದೆ. ಕತೆಯ ಕೊನೆಗೆ ಹೇಳುವುದು ಇಷ್ಟೇ. ಫೋನಿನಲ್ಲಿ ಯಾರೇ ಏನೇ ಮಾರಲಿ, ಮೊದಲು ಇಡು. ನಿನಗೆ ಮೊದಲಿಂದ ಗೊತ್ತಿರುವ ನಂಬರಿಗೆ, ಇಲ್ಲವೇ ಕಾಗದದ ಮೇಲೆ ಇರುವ ನಂಬರಿಗೆ ನೀನೇ ತಿರುಗಿ ಮಾಡು. ಇಡಬೇಡ ಅಂದನೋ, ಅವನು ಕಳ್ಳ. ನೋಟೀಸಿಗೆ ಬಗ್ಗದವರು ಇದಕ್ಕೆ ಬಗ್ಗಿದರು, ಯಾಕೆಂದರೆ ಇದು ಅವರದೇ ಹಳೆಯ ನಿಯಮ. ಅತಿಯೂ ಆಯಿತು. ಮೋಲ್ಡಿಂಗ್ ಶಾಪಿನವರು ಬೀಗರ ಫೋನನ್ನೇ ಪಟ್ ಅಂತ ಇಟ್ಟದ್ದಕ್ಕೆ ಆ ಮನೆಯವರು ಒಂದು ವಾರ ಮುನಿಸಿಕೊಂಡಿದ್ದರು.

ಆಪರೇಷನ್ ಹೇಳಿದ ದಿನಕ್ಕೇ ನಡೆಯಿತು. ನಾಲ್ಕು ವಾರ ಬಿಟ್ಟು ಒಂದು ಬೆಳಿಗ್ಗೆ, ಹೇಗಿದ್ದಾರೆ ಎಂದು ಕೇಳೋಣವೆಂದು ಕಚೇರಿಯಿಂದ ಕ್ರೇನ್ ಡ್ರೈವರಿಗೆ ಫೋನು ಮಾಡಿದೆ. ಹಳೆಯ ದನಿಯಲ್ಲೇ, ಪ್ರೀತಿಯಿಂದಲೇ, "ಅಣ್ಣಾ ನಮಸ್ಕಾರ, ನಾನು..." ಅಂದೆ.

"ಇಡಿ, ನಾನೇ ಮಾಡ್ತೀನಿ." ಕಟ್.

ಮುಖಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತು ವರ್ಷ ಯಾವ ಪ್ರಶ್ನೆಯೂ ಇಲ್ಲದೆ ನಂಬಿದ ಮನುಷ್ಯ. ಹಲಗೆಯ ಮೇಲೆ ಅವರ ಕ್ರೇನಿನ ದೀಪ ಹತ್ತುತ್ತಿದ್ದುದು ಕಣ್ಣಿಗೆ ಕಟ್ಟಿತು, ಎಡಗಡೆಯ ಮೂಲೆಯಲ್ಲಿ, ಮೂರನೆಯ ಸಾಲು. ಹೀಗಾಗಲಿ ಎಂದೇ ತಾನೇ ಅಷ್ಟೆಲ್ಲ ಮಾಡಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಫೋನನ್ನೇ ನೋಡುತ್ತಾ ಕೂತೆ.

ಅರ್ಧ ನಿಮಿಷಕ್ಕೆ ಸಂಘದ ಫೋನು ಹೊಡೆದುಕೊಂಡಿತು.

"ಎಕ್ಸ್‌ಚೇಂಜಾ?" ಅವರದೇ ದನಿ.

"ಹೌದು. ನಂಬರ್ ಹೇಳಿ" ಅಂದೆ, ಅಭ್ಯಾಸಬಲದಿಂದ.

"ಹೇಳಲ್ಲ!" ಎಂದು ಅವರು ಗಹಗಹಿಸಿ ನಕ್ಕರು. ಆ ನಗೆಯ ಹಿಂದೆ, ನಡುಮನೆಯ ಕಡೆಯಿಂದ ನಿಧಾನವಾಗಿ ಹತ್ತಿರ ಬರುವ ಹೆಜ್ಜೆಗಳು ಕೇಳಿಸಿದವು. ಒಂದು, ಎರಡು, ಮೂರು. "ಯಾರ್ರೀ ಅದು?" ಎಂದರು ಅವರ ಹೆಂಡತಿ, ಫೋನಿನ ಪಕ್ಕದಲ್ಲೇ ನಿಂತು.

"ಎಕ್ಸ್‌ಚೇಂಜಮ್ಮ. ವಿಚಾರಿಸಿ ನೋಡ್ದೆ, ಅವ್ರೇ. ತಗೋ, ಮಾತಾಡು."